ಶ್ರೀರಂಗಪಟ್ಟಣದ ಹೆಸರು ಹೊತ್ತ ಇಂಗ್ಲಿಷ್ ಬಿರುದು: ಬ್ಯಾರನ್ ಹ್ಯಾರಿಸ್ ಬಗ್ಗೆ ಗೊತ್ತಿರೋರು ಹೇಳಿ

ಪಟ್ಟಣದಹುಡುಗ
ಎಲ್ರಿಗೂ ನಮಸ್ಕಾರ. ನಾನು ಕೆಲಸದ ಮೇಲೆ ಇಂಗ್ಲೆಂಡಿನ ಕೆಂಟ್ ಕಡೆ ಬಂದು ಎರಡು ವರ್ಷ ಆಯ್ತು, ಊರು ಶ್ರೀರಂಗಪಟ್ಟಣದ ಪಕ್ಕದ ಹಳ್ಳಿ. ಮೊನ್ನೆ ಆಫೀಸ್ ಫ್ರೆಂಡ್ ಒಬ್ಬ ಇಲ್ಲೇ ಫಾವರ್‌ಶಮ್ ಹತ್ರ ಬೆಲ್ಮಾಂಟ್ ಅಂತ ಹಳೇ ಬಂಗಲೆ ಇದೆ, ಒಳಗೆ ಮುನ್ನೂರಕ್ಕೂ ಜಾಸ್ತಿ ಹಳೇ ಗಡಿಯಾರ ಇಟ್ಟಿದಾರೆ ನೋಡ್ಕೊಂಡ್ ಬರೋಣ ಬಾ ಅಂದ, ನಂಗೇನೂ ಗಡಿಯಾರದ ಹುಚ್ಚಿಲ್ಲ, ಸುಮ್ನೆ ಬಿಸಿಲು ಬಂದಿತ್ತು ಅಂತ ಹೋದೆ. ವಾಪಸ್ ಬಂದು ಈ ಮನೆ ಯಾರದ್ದು ಅಂತ ಓದ್ತಾ ಕೂತ್ರೆ ಮನೆತನದ ಬಿರುದು ಏನ್ ಗೊತ್ತಾ? ‘ಈಸ್ಟ್ ಇಂಡೀಸ್‌ನ ಸೆರಿಂಗಪಟಾಮ್ ಮತ್ತು ಮೈಸೂರು ಹಾಗೂ ಕೆಂಟ್ ಕೌಂಟಿಯ ಬೆಲ್ಮಾಂಟ್‌ನ ಬ್ಯಾರನ್ ಹ್ಯಾರಿಸ್’. ಸೆರಿಂಗಪಟಾಮ್ ಅಂದ್ರೆ ನಮ್ಮ ಪಟ್ಟಣ ಕಣ್ರೀ! 1799ರಲ್ಲಿ ಕೋಟೆ ತಗೊಂಡ ಜನರಲ್ ಹ್ಯಾರಿಸ್ ಇವನೇ ಅನ್ನೋದು ಆಮೇಲೆ ಹೊಳೀತು, ಸ್ಕೂಲಲ್ಲಿ ಹೆಸರು ಓದಿದ್ವಿ ಅಷ್ಟೆ. ಆದ್ರೆ ಇದು ಇನ್ನೂ ನಡೀತಾ ಇರೋ ಬಿರುದಂತೆ, ಈಗ್ಲೂ ಒಬ್ಬ ಲಾರ್ಡ್ ಹ್ಯಾರಿಸ್ ಇದಾರಂತೆ. ಇದು ಹೆಂಗೆ ಸಿಕ್ತು, ಹೆಂಗೆ ನಡ್ಕೊಂಡ್ ಬಂತು, ಗೊತ್ತಿರೋರು ಬಿಡಿಸಿ ಹೇಳ್ತೀರಾ?

ಚಿಕ್ಕಿಮಂಡ್ಯ
ಅಯ್ಯೋ ಅಲ್ಲಿಗೂ ಹೋಗಿ ಪಟ್ಟಣನೇ ಸಿಕ್ತಾ ನಿಂಗೆ 😄 ಅವ್ರು ‘ಮೈಸೂರಿನ ಬ್ಯಾರನ್’ ಅಂದ್ರೆ ಇಲ್ಲಿ ಜಮೀನು ಗಿಮೀನು ಇದ್ಯೇನಪ್ಪಾ, ಪಹಣಿಲಿ ಹೆಸರು ಹುಡುಕಿಸ್ಬೇಕಾ?

ಹಳೇಕಡತ
ನೋಡಿ, ಇದರ ಬಗ್ಗೆ ನನಗೆ ಸ್ವಲ್ಪ ಹುಚ್ಚು ಇರೋದ್ರಿಂದ ಉದ್ದ ಬರೀತೀನಿ, ಬೇಜಾರಾದ್ರೆ ಕೆಳಗಿಳಿಸ್ಕೊಂಡು ಹೋಗಿ.

ಜಾರ್ಜ್ ಹ್ಯಾರಿಸ್ ಹುಟ್ಟಿದ್ದು 1746ರಲ್ಲಿ, ದೊಡ್ಡ ಮನೆತನ ಏನಲ್ಲ, ಅಪ್ಪ ಕೆಂಟ್‌ನ ಬ್ರಾಸ್ಟೆಡ್ ಅನ್ನೋ ಊರಲ್ಲಿ ಪಾದ್ರಿ. ಹುಡುಗ ಸೈನ್ಯ ಸೇರಿದ, ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರ ಕಡೆ ಹೋರಾಡ್ತಾ 1775ರಲ್ಲಿ ಬಂಕರ್ ಹಿಲ್‌ನಲ್ಲಿ ತಲೆಗೆ ಗುಂಡೇಟು ಬಿದ್ದು ಬುರುಡೆಗೆ ತೂತು ಕೊರೆದು ಆಪರೇಷನ್ ಮಾಡಿದ್ರು, ಅದ್ರಿಂದ್ಲೂ ಬದುಕಿದ. ಆಮೇಲೆ ಇಂಡಿಯಾಗೆ ಬಂದ. 1798ರಲ್ಲಿ ಮದ್ರಾಸಿನ ಸೇನಾಧಿಪತಿ ಆಗಿದ್ದಾಗ್ಲೇ ಕೆಲವು ತಿಂಗಳು ಹಂಗಾಮಿ ಗವರ್ನರ್ ಕೂಡ ಇವನೇ. ಅದೇ ವರ್ಷ ಗವರ್ನರ್ ಜನರಲ್ ಆಗಿ ರಿಚರ್ಡ್ ವೆಲ್ಲೆಸ್ಲಿ ಬಂದಿದ್ದು, ಬಂದವನೇ ಟಿಪ್ಪು ಮೇಲೆ ಯುದ್ಧಕ್ಕೆ ಹೊರಡಿಸಿದ.

1799ರ ಫೆಬ್ರವರಿಲಿ ವೆಲ್ಲೂರಿಂದ ಹೊರಟ ಸೈನ್ಯ, ಜೊತೆಗೆ ನಿಜಾಮನ ಪಡೆ, ಮಲಬಾರ್ ಕಡೆಯಿಂದ ಬಾಂಬೆ ಸೈನ್ಯ. ಮಾರ್ಚ್ 27ಕ್ಕೆ ಮಳವಳ್ಳಿ ಕಾಳಗ. ಅಲ್ಲಿಂದ ಟಿಪ್ಪು ಅಂದ್ಕೊಂಡ ದಾರಿ ಬಿಟ್ಟು ಸೋಸಲೆ ಹತ್ರ ಕಾವೇರಿ ದಾಟಿ ಪಟ್ಟಣದ ಪಶ್ಚಿಮಕ್ಕೆ ಬಂದು ಡೇರೆ ಹಾಕಿದ್ರು. ಇಲ್ಲಿ ಒಂದು ವಿಷಯ ಜನ ಮರೀತಾರೆ. ಹ್ಯಾರಿಸ್ ಹತ್ರ ಅಕ್ಕಿ ಮುಗೀತಾ ಬಂದಿತ್ತು, ಬೇಸಿಗೆ ಕಳೆದು ಕಾವೇರಿ ತುಂಬಿದ್ರೆ ಮುತ್ತಿಗೆನೇ ಕೊಚ್ಕೊಂಡ್ ಹೋಗೋದು. ಇನ್ನೊಂದು ತಿಂಗಳು ಕೋಟೆ ತಡ್ಕೊಂಡಿದ್ರೆ ಈ ಬ್ಯಾರನ್ ಬಿರುದು ಹುಟ್ತಾನೇ ಇರ್ಲಿಲ್ಲ ಅನ್ನೋದು ನನ್ನ ಅಭಿಪ್ರಾಯ, ಹೌದು ಅನ್ನೋರು ಹೌದು ಅನ್ನಿ. ಮೇ 4ರ ಮಧ್ಯಾಹ್ನ ಗೋಡೆ ಒಡೆದ ಜಾಗದಿಂದ ನುಗ್ಗಿದ್ರು, ಮುಂದೆ ನಿಂತು ನುಗ್ಗಿಸಿದ್ದು ಡೇವಿಡ್ ಬೇರ್ಡ್, ಸಂಜೆ ಹೊತ್ತಿಗೆ ಟಿಪ್ಪು ಇಲ್ಲ. ಉಳಿದಿದ್ದು ನಿಮಗೆಲ್ಲ ಗೊತ್ತಿರೋದೇ.

ಚಿಕ್ಕಿಯವ್ರೆ, ಜಮೀನಿಗೂ ಇದಕ್ಕೂ ಸಂಬಂಧ ಇಲ್ಲ. ಯಾವ ಹ್ಯಾರಿಸ್ ಅಂತ ಗುರುತು ಹಿಡಿಯೋಕೆ ಊರಿನ ಹೆಸರು ಸೇರಿಸ್ತಾರೆ, ಗೆದ್ದ ಜಾಗ ಆದ್ರೆ ಅದೊಂಥರ ಪದಕ ಇದ್ದಂಗೆ. ಬಿರುದು ಬಂದಿದ್ದು 1815ರಲ್ಲಿ, ಆಗ ಮೈಸೂರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ್ ಸಿಂಹಾಸನದ ಮೇಲಿದ್ರು. ಅವ್ರಿಗೆ ಪಟ್ಟ ಕಟ್ಟಿದ ನಂತರದ ಒಪ್ಪಂದಕ್ಕೆ ಕಂಪನಿ ಪರವಾಗಿ ಇದ್ದ ಐದು ಜನ ಕಮಿಷನರ್‌ಗಳಲ್ಲಿ ಈ ಹ್ಯಾರಿಸ್ಸೂ ಒಬ್ಬ, ಹಂಗಾಗಿ ಮೈಸೂರು ತನ್ನದಲ್ಲ ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರುತ್ತೆ!

ಧಾರವಾಡಪೇಡ
ಏನ್ರಿಪಾ ಇದು, 1799ರಾಗ ಗೆದ್ದಾಂವಗ 1815ರಾಗ ಬಿರುದು? ಹದಿನಾರು ವರ್ಷ ಏನ್ ಮಾಡ್ತಿದ್ರು? ನಮ್ಮ ಕಡೆ ಪೆನ್ಷನ್ ಫೈಲ್ ಸುದ್ದಾ ಇಷ್ಟು ತಡಾ ಆಗೂದಿಲ್ಲ.

ಹಳೇಕಡತ
ಹಹ್ಹ, ಇದೇ ಮಜಾ ಇರೋದು. ಬಿರುದು ಮೊದಲೇ ಕೊಡೋಕೆ ಬಂದಿದ್ರು, ಇವನೇ ಬೇಡ ಅಂದ. ಯಾಕಂದ್ರೆ ಕೊಟ್ಟಿದ್ದು ಐರಿಶ್ ಪೀರೇಜ್, ಅಂದ್ರೆ ಐರ್ಲೆಂಡಿನ ಲಾರ್ಡ್ ಬಿರುದು.

ಸ್ವಲ್ಪ ಹಿಂದಿಂದ ಹೇಳ್ಬೇಕು. ನಾವು ಸುಮ್ನೆ ಇಂಗ್ಲಿಷ್ ಬಿರುದು ಅಂತೀವಿ, ಅವ್ರಲ್ಲಿ ಡಬ್ಬಗಳೇ ಬೇರೆ ಬೇರೆ. 1707ರ ತನಕ ಇಂಗ್ಲೆಂಡಿನ ಪೀರೇಜ್ ಒಂದು, ಸ್ಕಾಟ್‌ಲೆಂಡಿನದ್ದು ಒಂದು. ಆಮೇಲೆ ಗ್ರೇಟ್ ಬ್ರಿಟನ್ ಪೀರೇಜ್. 1801ರಿಂದ ಯುನೈಟೆಡ್ ಕಿಂಗ್‌ಡಮ್ ಪೀರೇಜ್. ಐರ್ಲೆಂಡಿನದ್ದು ಪಕ್ಕಕ್ಕೆ ಬೇರೆ. ಹೆಸರು ಎಲ್ಲದಕ್ಕೂ ಲಾರ್ಡೇ, ಆದ್ರೆ ಐರಿಶ್ ಬಿರುದಿದ್ರೆ ಲಂಡನ್ ಪಾರ್ಲಿಮೆಂಟಿನ ಮೇಲ್ಮನೆ ಹೌಸ್ ಆಫ್ ಲಾರ್ಡ್ಸ್‌ನಲ್ಲಿ ಕುರ್ಚಿ ಇಲ್ಲ. 1801ರ ನಂತರ ಐರಿಶ್ ಪೀರ್‌ಗಳು ತಮ್ಮೊಳಗೆ 28 ಜನರನ್ನ ಆರಿಸಿ ಕಳಿಸ್ಬೇಕಿತ್ತು, ಮಿಕ್ಕೋರು ಹೆಸರಿಗೆ ಮಾತ್ರ. ಯಾರನ್ನಾದ್ರೂ ಸಮಾಧಾನ ಮಾಡ್ಬೇಕು ಆದ್ರೆ ಕುರ್ಚಿ ಕೊಡ್ಬಾರ್ದು ಅಂದ್ರೆ ಐರಿಶ್ ಬಿರುದು ಕೊಟ್ಟು ಕಳ್ಸೋದು ಆಗಿನ ವಾಡಿಕೆ. ಪ್ಲಾಸಿ ಕದನದ ಕ್ಲೈವ್‌ಗೂ 1762ರಲ್ಲಿ ಅದೇ ಸಿಕ್ಕಿದ್ದು, ಅವನು ಐರ್ಲೆಂಡಿನ ಕ್ಲೇರ್ ಕೌಂಟಿಲಿ ಜಮೀನು ತಗೊಂಡು ಅದಕ್ಕೇ ಪ್ಲಾಸಿ ಅಂತ ಹೆಸರಿಟ್ಟು ಪ್ಲಾಸಿಯ ಬ್ಯಾರನ್ ಆದ. ಬಂಗಾಳದ ಊರು ಐರ್ಲೆಂಡಲ್ಲಿ!

ಪಟ್ಟಣ ಬಿದ್ಮೇಲೆ ರಿಚರ್ಡ್ ವೆಲ್ಲೆಸ್ಲಿಗೂ ಅದೇ ಕಥೆ. ಇಂಗ್ಲಿಷ್ ಬಿರುದು ಬರುತ್ತೆ ಅಂತ ಆಸೆ ಇಟ್ಕೊಂಡು ಕೂತಿದ್ದ, ಬಂದಿದ್ದು ಐರ್ಲೆಂಡಿನ ಮಾರ್ಕ್ವೆಸ್. ಉರಿದು ಬಿದ್ದು ಅದನ್ನ ‘ಎರಡು ಸಲ ಚಿನ್ನದ ನೀರು ಹಾಕಿದ ಆಲೂಗಡ್ಡೆ’ ಅಂತ ಕರೆದ. ಆದ್ರೂ ತಗೊಂಡ. ಹ್ಯಾರಿಸ್ ತಗೊಳ್ಳಲಿಲ್ಲ, ಅದಕ್ಕೆ ಹದಿನಾರು ವರ್ಷ ಕಾಯ್ದ.

ಪಟ್ಟಣದಹುಡುಗ
ಓಹೋ ಹಂಗಾದ್ರೆ ನಮ್ಮೂರಿನ ವೆಲ್ಲೆಸ್ಲಿ ಸೇತುವೆ ಆ ಆಲೂಗಡ್ಡೆ ಮಾರ್ಕ್ವೆಸ್ ಹೆಸರಲ್ಲಾ? ನಾನು ಇಷ್ಟು ದಿನ ನೆಪೋಲಿಯನ್‌ನ ಸೋಲಿಸಿದ ವೆಲ್ಲಿಂಗ್ಟನ್ ಹೆಸರು ಅಂದ್ಕೊಂಡಿದ್ದೆ.

ಹಳೇಕಡತ
ಬಹಳ ಜನ ಹಂಗೇ ಅಂದ್ಕೊಳ್ತಾರೆ. ದಿವಾನ್ ಪೂರ್ಣಯ್ಯ 1804ರಲ್ಲಿ ಕಟ್ಟಿಸಿ ಗವರ್ನರ್ ಜನರಲ್ ಹೆಸರಿಟ್ರು, ಅವನು ಅಣ್ಣ. ವೆಲ್ಲಿಂಗ್ಟನ್ ಅಂದ್ರೆ ತಮ್ಮ ಆರ್ಥರ್. ಅವನು 1799ರಲ್ಲಿ ಬರೀ ಕರ್ನಲ್, ಸುಲ್ತಾನ್‌ಪೇಟೆ ತೋಪಿನಲ್ಲಿ ರಾತ್ರಿ ಕತ್ತಲಲ್ಲಿ ನುಗ್ಗಿ ಏಟು ತಿಂದು ವಾಪಸ್ ಬಂದವನು. ಕೋಟೆಗೆ ಮೊದಲು ನುಗ್ಗಿದ ಬೇರ್ಡ್‌ನ ಬಿಟ್ಟು ಹ್ಯಾರಿಸ್ ಈ ಆರ್ಥರ್‌ನ ಪಟ್ಟಣದ ಕಮಾಂಡೆಂಟ್ ಮಾಡಿದ, ದರಿಯಾ ದೌಲತ್‌ನಲ್ಲಿ ಬಿಡಾರ. ಬೇರ್ಡ್ ಹಿಂದೆ ಇದೇ ಪಟ್ಟಣದಲ್ಲಿ ಮೂರೂವರೆ ವರ್ಷಕ್ಕೂ ಜಾಸ್ತಿ ಸೆರೆಲಿದ್ದವನು, ಅವನಿಗೆ ಹೊಟ್ಟೆ ಉರೀದೆ ಇರುತ್ತಾ? ಕೊನೆಗೆ ಬೇರ್ಡ್‌ಗೆ ಸಿಕ್ಕಿದ್ದು ಬ್ಯಾರನೆಟ್ ಪದವಿ ಮಾತ್ರ, ಅದು ವಂಶಕ್ಕೆ ಹೋಗುತ್ತೆ, ಆದ್ರೆ ಪೀರೇಜ್ ಅಲ್ಲ, ‘ಸರ್’ ಅಂತಾರೆ ಅಷ್ಟೆ. ಆರ್ಥರ್ ನೋಡಿ, 1809ರಲ್ಲಿ ವೈಕೌಂಟ್, 1812ರಲ್ಲಿ ಅರ್ಲ್, ಅದೇ ವರ್ಷ ಮಾರ್ಕ್ವೆಸ್, 1814ರಲ್ಲಿ ಡ್ಯೂಕ್. ಐದು ಮೆಟ್ಟಿಲಲ್ಲಿ ಕೆಳಗಿನ ಬ್ಯಾರನ್‌ಗೆ ಹ್ಯಾರಿಸ್ ಕಾಯ್ತಾ ಇದ್ದಾಗ ಅವನ ಕೈಕೆಳಗಿದ್ದ ಕರ್ನಲ್ ಮೇಲಿನ ಮೆಟ್ಟಿಲು ಹತ್ತಿ ಕೂತಾಗಿತ್ತು.

ಕುಡ್ಲಮೀನು
ಬಿರುದು ಬಿಡಿ ಮಾರಾಯ್ರೆ, ದುಡ್ಡು ಎಷ್ಟು ಹೊಡೆದ ಅದು ಹೇಳಿ. ಆ ಬಂಗಲೆ ಎಲ್ಲಿಂದ ಬಂತು? ಪಾದ್ರಿ ಮಗನಿಗೆ ಅಷ್ಟು ದೊಡ್ಡ ಎಸ್ಟೇಟ್ ಸಂಬಳದಲ್ಲಿ ಆಗ್ತದಾ?

ಹಳೇಕಡತ
ಸರಿಯಾದ ಪ್ರಶ್ನೆ. ಅದಕ್ಕೆ ಪ್ರೈಜ್ ಮನಿ ಅಂತಾರೆ, ಗೆದ್ದ ಕೋಟೆಯ ಖಜಾನೆಯನ್ನ ಲೆಕ್ಕ ಹಾಕಿ ದರ್ಜೆ ಪ್ರಕಾರ ಹಂಚೋದು, ಅದಕ್ಕಂತಲೇ ಸಮಿತಿ ಮಾಡ್ತಾರೆ. ಪಟ್ಟಣದಲ್ಲಿ ಸಿಕ್ಕಿದ್ದು ಹತ್ತು ಲಕ್ಷ ಪೌಂಡಿಗೂ ಮೇಲೆ. ಅದರಲ್ಲಿ ಹ್ಯಾರಿಸ್‌ಗೆ ಎಂಟನೇ ಒಂದು ಪಾಲು, ನಮ್ಮ ಲೆಕ್ಕದಲ್ಲಿ ಮೂರು ಲಕ್ಷ ವರಹಕ್ಕೂ ಜಾಸ್ತಿ, ಒಂದು ಲಕ್ಷ ಪೌಂಡ್ ದಾಟುತ್ತೆ. ಆರ್ಥರ್ ವೆಲ್ಲೆಸ್ಲಿಗೆ ಬಂದಿದ್ದು ಸುಮಾರು ನಾಲ್ಕು ಸಾವಿರ ಪೌಂಡ್. ಸಾಮಾನ್ಯ ಸಿಪಾಯಿಗೆ ಬೆರಳಲ್ಲಿ ಎಣಿಸೋಷ್ಟು. ರಿಚರ್ಡ್ ವೆಲ್ಲೆಸ್ಲಿಗೆ ಒಂದು ಲಕ್ಷ ಪೌಂಡ್ ಕೊಡೋಕೆ ಬಂದ್ರೆ ಅವನು ಬೇಡ ಅಂದ. ಒಬ್ಬ ದುಡ್ಡು ಬಿಟ್ಟು ಬಿರುದು ತಗೊಂಡ, ಇನ್ನೊಬ್ಬ ದುಡ್ಡು ತಗೊಂಡು ಬಿರುದು ಬಿಟ್ಟ, ಇದನ್ನ ನೋಡಿದಾಗೆಲ್ಲ ನಂಗೆ ನಗು ಬರುತ್ತೆ.

ಹ್ಯಾರಿಸ್ ಪಾಲು ಜಾಸ್ತಿ ಆಯ್ತು ಅಂತ ಕಂಪನಿ ಡೈರೆಕ್ಟರ್‌ಗಳೇ ತಕರಾರು ತೆಗೆದ್ರು. ಅದು ರಾಜನ ಸಲಹಾ ಮಂಡಳಿ, ಅಂದ್ರೆ ಲಂಡನ್ನಿನ ಪ್ರೀವಿ ಕೌನ್ಸಿಲ್ ತನಕ ಹೋಯ್ತು. ತೀರ್ಪು ಹ್ಯಾರಿಸ್ ಪರ ಆಯ್ತು. ಅಷ್ಟರಲ್ಲಿ 1801ಕ್ಕೇ ಬೆಲ್ಮಾಂಟ್ ಕೊಂಡಾಗಿತ್ತು, ಆ ದುಡ್ಡಲ್ಲೇ.

ಪಟ್ಟಣದಹುಡುಗ
ಆ ಬಂಗಲೆ ಮೆಟ್ಟಿಲ ಮೇಲೆ ನಿಂತು ಸೆಲ್ಫಿ ತಗೊಂಡು ಮನೆಗೆ ಕಳ್ಸಿದ್ದೆ ಕಣ್ರೀ ನಾನು. ಅಪ್ಪ ‘ಚೆನ್ನಾಗೈತೆ ಬಿಲ್ಡಿಂಗು, ಯಾರ್ದು’ ಅಂದ್ರು. ಈಗ ಏನಂತ ಹೇಳ್ಲಿ, ನಮ್ದೇ ಅಂತ್ಲಾ.

ಬೆಂಗ್ಳೂರ್ ಬಾಯ್ಸ್ 77
ಕಳ್ಳರು ಕಳ್ಳರು. ಆದ್ರೆ ಟಿಪ್ಪು ಮಾತ್ರ ಏನ್ ಸಾಚಾನಾ? ಅವನು ಕೊಡಗಲ್ಲಿ

ನಿರ್ವಾಹಕ
ಟಿಪ್ಪು ಒಳ್ಳೆಯವನೋ ಕೆಟ್ಟವನೋ ಅನ್ನೋ ಚರ್ಚೆಗೆ ಬೇರೆ ಥ್ರೆಡ್ ಇದೆ, 1100 ಪೋಸ್ಟ್ ದಾಟಿದೆ, ಅಲ್ಲಿ ಹೋಗಿ ಹೊಡೆದಾಡ್ಕೊಳ್ಳಿ. ಇಲ್ಲಿ ಬಿರುದಿನ ವಿಷಯ ಮಾತ್ರ. ಮೇಲಿನ ಪೋಸ್ಟ್ ಅರ್ಧ ಅಳಿಸಿದೀನಿ.

ವಕೀಲಮ್ಮ
ನಂಗೆ ಇದರಲ್ಲಿ ಇಂಟರೆಸ್ಟ್ ಇರೋದು ವಾರಸುದಾರಿಕೆ ಕಡೆ. ಬ್ಯಾರನ್ ಹ್ಯಾರಿಸ್ ಬಿರುದು ರಾಜನ ಲೆಟರ್ಸ್ ಪೇಟೆಂಟ್ ಮೂಲಕ ಬಂದಿದ್ದು, ಅಂದ್ರೆ ಒಂದು ಸನ್ನದು ಅಂತ ಇಟ್ಕೊಳ್ಳಿ. ಇಂಥ ಸನ್ನದುಗಳಲ್ಲಿ ಸಾಮಾನ್ಯವಾಗಿ ಒಂದು ವಾಕ್ಯ ಇರುತ್ತೆ, ‘ಅವನ ದೇಹದಿಂದ ಧರ್ಮಸಮ್ಮತವಾಗಿ ಹುಟ್ಟಿದ ಗಂಡು ವಾರಸುದಾರರಿಗೆ’ ಅಂತ. ಆ ಒಂದು ವಾಕ್ಯದಲ್ಲಿ ಎಷ್ಟು ಜನ ಹೊರಗೆ ಬೀಳ್ತಾರೆ ನೋಡಿ. ಹೆಣ್ಣುಮಕ್ಕಳು ಹೊರಗೆ. ಮಗಳ ಮಗ ಹೊರಗೆ. ದತ್ತು ಮಗ ಹೊರಗೆ. ಮದುವೆ ಆಗದೆ ಹುಟ್ಟಿದ ಮಗ ಹೊರಗೆ. ವಿಲ್ ಬರೆದು ಬೇರೆಯವ್ರಿಗೆ ಕೊಡೋ ಹಾಗಿಲ್ಲ, ಮಾರೋ ಹಾಗಿಲ್ಲ. ನಮ್ಮ ಹಾಗೆ ಗಂಡುಮಕ್ಕಳೆಲ್ಲ ಸಮಪಾಲು ಅಂತಲೂ ಇಲ್ಲ, ದೊಡ್ಡವನಿಗೊಬ್ಬನಿಗೇ. ಕೆಲವು ಹಳೇ ಬಿರುದುಗಳು, ರಾಜ ಪಾರ್ಲಿಮೆಂಟಿಗೆ ಬಾ ಅಂತ ಓಲೆ ಕಳಿಸಿದ್ರಿಂದ ಹುಟ್ಟಿದ್ದು, ಅವು ಮಗಳಿಗೂ ಹೋಗುತ್ತೆ. ಕೆಲವರಿಗೆ ಸ್ಪೆಷಲ್ ಆಗಿ ಬರೆದುಕೊಟ್ಟಿದಾರೆ, ಕಂದಹಾರದ ರಾಬರ್ಟ್ಸ್‌ಗೆ 1901ರಲ್ಲಿ ಅರ್ಲ್ ಕೊಟ್ಟಾಗ ಹೆಣ್ಣುಮಕ್ಕಳಿಗೂ ಹೋಗಲಿ ಅಂತ ಸೇರಿಸಿದ್ರು.

ಇದನ್ನ ಓದುವಾಗೆಲ್ಲ ನಂಗೆ ಡಾಲ್‌ಹೌಸಿ ನೆನಪಾಗ್ತಾನೆ. ದತ್ತಕ ಒಪ್ಪಲ್ಲ, ಗಂಡು ಸಂತಾನ ಇಲ್ಲ ಅಂತ ಸತಾರ, ಝಾನ್ಸಿ, ನಾಗಪುರ ಒಂದೊಂದಾಗಿ ನುಂಗಿದ. ಅದೇ ಡಾಲ್‌ಹೌಸಿಗೆ 1849ರಲ್ಲಿ ಮಾರ್ಕ್ವೆಸ್ ಬಿರುದು ಬಂತು, ಇದ್ದಿದ್ದು ಇಬ್ಬರೂ ಹೆಣ್ಣುಮಕ್ಕಳು, 1860ರಲ್ಲಿ ಸತ್ತ, ಬಿರುದು ಅವನ ಜೊತೆಗೇ ಮಣ್ಣಾಯ್ತು. ನಮ್ಮ ಮೈಸೂರಲ್ಲಿ ಮುಮ್ಮಡಿಯವ್ರು 1865ರಲ್ಲಿ ಚಾಮರಾಜೇಂದ್ರರನ್ನ ದತ್ತು ತಗೊಂಡು, ಬ್ರಿಟಿಷರು ಕೊನೆಗೂ ಒಪ್ಪಿ, ಗಾದಿ ಮುಂದುವರೀತು.

ಧಾರವಾಡಪೇಡ
ವಕೀಲಮ್ಮಾರ ಇದು ಭಾರೀ ಹೇಳಿದ್ರಿ ನೋಡ್ರಿ. ಡಾಲ್‌ಹೌಸಿಗೆ ಅವನ ಔಷಧನ ಅವಗ ಕುಡಿಸಿದಂಗಾತು.

ಹಳೇಕಡತ
ಕಾರ್ನ್‌ವಾಲಿಸ್‌ದೂ ಸೇರಿಸಿ. 1792ರಲ್ಲಿ ಪಟ್ಟಣಕ್ಕೆ ಮುತ್ತಿಗೆ ಹಾಕಿ ಅರ್ಧ ರಾಜ್ಯ ಮತ್ತೆ ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ ಕೇಳಿ, ಟಿಪ್ಪುವಿನ ಇಬ್ಬರು ಮಕ್ಕಳನ್ನ ಒತ್ತೆ ಇಟ್ಕೊಂಡವನು. ಅದಕ್ಕೆ ಮಾರ್ಕ್ವೆಸ್ ಮಾಡಿದ್ರು. ಅವನ ಮಗನಿಗೆ ಐದೂ ಹೆಣ್ಣು, 1823ರಲ್ಲಿ ಮಾರ್ಕ್ವೆಸ್ ಬಿರುದು ಮುಗೀತು. ಹಳೇ ಅರ್ಲ್ ಬಿರುದು ಚಿಕ್ಕಪ್ಪನಿಗೆ ಹೋಯ್ತು, ಆತ ಬಿಷಪ್, 1852ಕ್ಕೆ ಅದೂ ಮುಗೀತು. ಹಂಗಾಗಿ ನಮ್ಮ ಯುದ್ಧಗಳಿಂದ ಹುಟ್ಟಿ, ನಮ್ಮೂರ ಹೆಸರನ್ನ ಬಿರುದಿನೊಳಗೇ ಇಟ್ಕೊಂಡು ಇವತ್ತಿನವರೆಗೂ ಬದುಕಿರೋದು ಈ ಸಣ್ಣ ಬ್ಯಾರನ್.

ಚಿಕ್ಕಿಮಂಡ್ಯ
ಹ್ಯಾರಿಸ್ ಮನೇಲಿ ಅಷ್ಟೊಂದು ಗಂಡುಮಕ್ಕಳಿದ್ರಾ ಹಂಗಾದ್ರೆ?

ಹಳೇಕಡತ
ಎರಡನೇ ಬ್ಯಾರನ್ ವಿಲಿಯಂ ಜಾರ್ಜ್. ಇವನೂ ಹದಿನೇಳು ವಯಸ್ಸಿಗೆ ಅಪ್ಪನ ಸೈನ್ಯದಲ್ಲೇ ಇದ್ದ. ಮಳವಳ್ಳಿಲೂ ಇದ್ದ, ಮೇ 4ರಂದು ಕೋಟೆ ಒಳಗೆ ಮೊದಮೊದಲು ನುಗ್ಗಿದವರಲ್ಲಿ ಇವನೂ ಒಬ್ಬ. ಹಿಡಿದ ಬಾವುಟಗಳನ್ನ ಲಂಡನ್‌ಗೆ ಹೊತ್ಕೊಂಡು ಹೋಗಿ ಮೂರನೇ ಜಾರ್ಜ್ ರಾಜನಿಗೆ ಒಪ್ಪಿಸಿದ್ದೂ ಇವನೇ. ಆಮೇಲೆ 1815ರ ಜೂನ್‌ನಲ್ಲಿ ವಾಟರ್‌ಲೂನಲ್ಲಿ 73ನೇ ರೆಜಿಮೆಂಟಿನ ಬೆಟಾಲಿಯನ್ ನಡೆಸಿ ಜೋರಾಗಿ ಗಾಯ ಮಾಡ್ಕೊಂಡ. ಆಗಸ್ಟ್ 11ಕ್ಕೆ ಅಪ್ಪನಿಗೆ ಬ್ಯಾರನ್ ಬಂತು, ಅಪ್ಪನಿಗೆ ಆಗ 69. ವಾಟರ್‌ಲೂ ಸಂಭ್ರಮದಲ್ಲಿ ಹಳೇ ಬಾಕಿ ತೀರಿಸಿದಂಗೆ ಕಾಣುತ್ತೆ ನಂಗೆ.

ಮೂರನೆಯವನು ಜಾರ್ಜ್ ಫ್ರಾನ್ಸಿಸ್ ರಾಬರ್ಟ್, ಮೊಮ್ಮಗ. 1846ರಿಂದ ಟ್ರಿನಿಡಾಡ್ ಗವರ್ನರ್, ಅಂದ್ರೆ ಇಂಡಿಯಾದಿಂದ ಕರಾರು ಕೂಲಿಗಳ ಮೊದಲ ಹಡಗು ಅಲ್ಲಿಗೆ ಹೋದ ಮರುವರ್ಷ. ಗುಲಾಮಗಿರಿ ಹೋದ ದ್ವೀಪದಲ್ಲಿ ಜನಕ್ಕೆ ಬಿಡುಗಡೆ ಸಿಕ್ಕಿದೆ ಆದ್ರೆ ಒಂದು ಸಮಾಜ ಅಂತ ಇನ್ನೂ ಕಟ್ಟಿಲ್ಲ ಅನ್ನೋ ಅರ್ಥದಲ್ಲಿ ಬರೆದವನು ಇವನು, ಅಲ್ಲಿಯವ್ರು ಇವತ್ತೂ ಅದನ್ನ ನೆನೀತಾರೆ. ಅಲ್ಲಿಂದ 1854ಕ್ಕೆ ಮದ್ರಾಸ್ ಗವರ್ನರ್, 1857ರ ದಂಗೆ ಹೊತ್ತಲ್ಲಿ ಅಲ್ಲೇ ಇದ್ದ. ತಾತ ಯಾವ ಊರಲ್ಲಿ ಸೇನಾಧಿಪತಿ ಆಗಿ ಪಟ್ಟಣಕ್ಕೆ ಹೊರಟಿದ್ನೋ ಅದೇ ಮದ್ರಾಸಲ್ಲಿ ಮೊಮ್ಮಗ ಗವರ್ನರ್. ಮಿಕ್ಕಿದ್ದು ಕ್ರಿಕೆಟ್‌ನವ್ರು ಹೇಳಿ, ನಂಗೆ ಆಟ ಅರ್ಥ ಆಗಲ್ಲ.

ಮೈದಾನಮೂಲೆ
ತಡೀರಿ ತಡೀರಿ, ಲಾರ್ಡ್ ಹ್ಯಾರಿಸ್ ಅಂದ್ರೆ ಆ ಲಾರ್ಡ್ ಹ್ಯಾರಿಸ್ಸಾ?? ನಾನು ಇಷ್ಟು ಹೊತ್ತು ಇದ್ಯಾವ್ದೋ ಯುದ್ಧದ ಥ್ರೆಡ್ ಅಂತ ಬರೀ ಓದ್ತಾ ಇದ್ದೆ. ಇಂಗ್ಲೆಂಡ್ ಕ್ಯಾಪ್ಟನ್ ಕಣ್ರೀ ಅವನು! ನಾಲ್ಕನೇ ಬ್ಯಾರನ್ ಅಂದ್ರೆ ಅವನೇ, 1851ರಲ್ಲಿ ಟ್ರಿನಿಡಾಡಲ್ಲಿ ಹುಟ್ಟಿದ್ದು, ಅಪ್ಪ ಗವರ್ನರ್ ಇದ್ದಾಗ. ಈಗ ಗೊತ್ತಾಯ್ತು ಯಾಕೆ ಅಲ್ಲಿ ಹುಟ್ಟಿದ ಅಂತ.

ಕೆಂಟ್ ಟೀಮ್ ಅವನದ್ದೇ ಸಾಮ್ರಾಜ್ಯ. 1879ರಲ್ಲಿ ಸಿಡ್ನಿಲಿ ರನ್ ಔಟ್ ಕೊಟ್ಟಿದ್ದಕ್ಕೆ ಜನ ಮೈದಾನಕ್ಕೆ ನುಗ್ಗಿ ಗಲಾಟೆ ಆಯ್ತಲ್ಲ, ಆಗ ಏಟು ತಿಂದ ಕ್ಯಾಪ್ಟನ್ ಇವನೇ. 1880ರಲ್ಲಿ ಇಂಗ್ಲೆಂಡ್ ನೆಲದಲ್ಲಿ ನಡೆದ ಮೊದಲ ಟೆಸ್ಟ್, ಓವಲ್‌ನಲ್ಲಿ, ಗ್ರೇಸ್ 152 ಹೊಡೆದಿದ್ದು, ಅದಕ್ಕೂ ಕ್ಯಾಪ್ಟನ್ ಇವನೇ. ಆಮೇಲೆ ಇಂಗ್ಲಿಷ್ ಕ್ರಿಕೆಟ್ ನಡೆಸ್ತಿದ್ದ ಎಂಸಿಸಿ ಕ್ಲಬ್ಬಲ್ಲಿ ಎಷ್ಟೋ ವರ್ಷ ಇವನ ಮಾತಿಗೆ ಎದುರಿಲ್ಲ. ರಣಜಿತ್‌ಸಿಂಹಜಿನ 1896ರಲ್ಲಿ ಲಾರ್ಡ್ಸ್ ಟೆಸ್ಟಿಗೆ ತಗೊಳ್ಳದೆ ಇದ್ದಿದ್ದಕ್ಕೂ ಇವನ ಕಡೆಗೇ ಬೆರಳು ತೋರಿಸ್ತಾರೆ, ಮುಂದಿನ ಟೆಸ್ಟ್ ಓಲ್ಡ್ ಟ್ರಾಫರ್ಡಲ್ಲಿ ಆಡಿಸಿದ್ರು, ರಣಜಿ 62 ಹೊಡೆದು ಎರಡನೇ ಇನಿಂಗ್ಸಲ್ಲಿ ಔಟಾಗದೆ 154. ಉತ್ತರ ಹಂಗೆ ಕೊಡ್ಬೇಕು ಗುರೂ.

ಮಜಾ ಇನ್ನೊಂದಿದೆ. 1890ರಿಂದ 95 ಇವನು ಬಾಂಬೆ ಗವರ್ನರ್. ಎಸ್ಪ್ಲನೇಡ್ ಮೈದಾನದಲ್ಲಿ ಯುರೋಪಿಯನ್ನರ ಪೋಲೊ ಕುದುರೆಗಳು ನೆಲ ಅಗೆದು ಹಾಕ್ತಾವೆ, ನಮ್ಮ ಹುಡುಗ್ರಿಗೆ ಆಡೋಕೆ ಜಾಗ ಇಲ್ಲ ಅಂತ ಇಂಡಿಯನ್ ಕ್ಲಬ್ಬುಗಳು ಅರ್ಜಿ ಮೇಲೆ ಅರ್ಜಿ ಕೊಟ್ಟಿದ್ದು ಇವನಿಗೇ. 1893ರಲ್ಲಿ ಬಾಂಬೆಲಿ ದೊಡ್ಡ ಕೋಮುಗಲಭೆ, ಗವರ್ನರ್ ಸಾಹೇಬ್ರು ಪೂನಾ ಹತ್ರ ಗಣೇಶಖಿಂಡ್‌ನಲ್ಲಿ, ವಾಪಸ್ ಬಂದಿದ್ದು ಒಂಬತ್ತನೇ ದಿನ, ಅದೂ ಮುಖ್ಯವಾಗಿ ಕ್ರಿಕೆಟ್ ಮ್ಯಾಚಿಗೆ ಅಂತ ಬೈಸ್ಕೊಂಡ. ಆದ್ರೂ ಮುಂಬೈ ಸ್ಕೂಲ್ ಕ್ರಿಕೆಟ್ಟಿನ ದೊಡ್ಡ ಟೂರ್ನಿಗೆ ಇವನದ್ದೇ ಹೆಸರು, ಹ್ಯಾರಿಸ್ ಶೀಲ್ಡ್. 1988ರಲ್ಲಿ ಸಚಿನ್, ಕಾಂಬ್ಳಿ ಆಜಾದ್ ಮೈದಾನದಲ್ಲಿ 664 ರನ್ ಜೊತೆಯಾಟ ಆಡಿದ್ರಲ್ಲ, ಸಚಿನ್ ಔಟಾಗದೆ 326, ಕಾಂಬ್ಳಿ ಔಟಾಗದೆ 349, ಅದು ಹ್ಯಾರಿಸ್ ಶೀಲ್ಡ್ ಸೆಮಿಫೈನಲ್!

ಪಟ್ಟಣದಹುಡುಗ
ಏನ್ ಹೇಳ್ತಾ ಇದೀರ ಸಾರ್. ಆ 664 ಸ್ಕೋರು ಬಾಯಿಪಾಠ ನಮಗೆ, ಹ್ಯಾರಿಸ್ ಶೀಲ್ಡ್ ಅನ್ನೋ ಹೆಸರೂ ಬಾಯಿಪಾಠ, ಆ ಹ್ಯಾರಿಸ್ ಬಿರುದಲ್ಲಿ ನಮ್ಮೂರಿದೆ ಅಂತ ಇವತ್ತು ಗೊತ್ತಾಗಿದ್ದು. ಅಲ್ಲಿ ಬೆಲ್ಮಾಂಟ್ ಪಾರ್ಕಲ್ಲಿ ಒಂದು ಪುಟ್ಟ ಗೋಪುರನೂ ಇದೆ, ಜನರಲ್ ಹ್ಯಾರಿಸ್ಸೇ ಶೋಕಿಗೆ ಕಟ್ಟಿಸಿದ್ದಂತೆ. ಅದನ್ನ ಈ ಕ್ರಿಕೆಟ್ ಲಾರ್ಡು ಆಟಗಾರರು ಬಟ್ಟೆ ಬದಲಾಯಿಸೋಕೆ ಇಟ್ಕೊಂಡಿದ್ದ, ಪಕ್ಕದಲ್ಲೇ ಪಿಚ್ ಇತ್ತು ಅಂತ ಓದಿದೆ. ಪಟ್ಟಣದ ದುಡ್ಡಲ್ಲಿ ಡ್ರೆಸ್ಸಿಂಗ್ ರೂಮ್!

ಕುಡ್ಲಮೀನು
ಗಡಿಯಾರದ್ದು ಯಾರ ಹುಚ್ಚು ಮತ್ತೆ?

ಪಟ್ಟಣದಹುಡುಗ
ಐದನೇ ಲಾರ್ಡ್, ಆ ಕ್ರಿಕೆಟ್‌ನವನ ಮಗ. 1932ರಿಂದ 1984ರ ತನಕ ಅವರೇ. ಒಂದೇ ಮನೇಲಿ ಅಷ್ಟೊಂದು ಗಡಿಯಾರ ಒಂದರ ಹಿಂದೆ ಒಂದು ಗಂಟೆ ಹೊಡೆಯೋದು ಕೇಳಿದ್ರೆ ಯಾವ್ದು ಸರಿ ಟೈಮ್ ಅಂತ ತಲೆ ಕೆಡುತ್ತೆ. ಮನೆ ಈಗ ಟ್ರಸ್ಟಿನದ್ದು, ಬಿರುದು ಬೇರೆ ಕಡೆ ಅಂತಾರೆ, ಅದು ನಂಗೆ ಸರಿಯಾಗಿ ಅರ್ಥ ಆಗ್ಲಿಲ್ಲ.

ವಕೀಲಮ್ಮ
ಅದೇ ನಾನು ಹೇಳಿದ್ದು. ಮನೆ, ದುಡ್ಡು, ಗಡಿಯಾರ ಇವೆಲ್ಲ ಆಸ್ತಿ, ವಿಲ್ ಬರೆದು ಯಾರಿಗೆ ಬೇಕಾದ್ರೂ ಕೊಡ್ಬಹುದು, ಟ್ರಸ್ಟ್ ಮಾಡ್ಬಹುದು. ಬಿರುದು ಮಾತ್ರ ಸನ್ನದಿನ ವಾಕ್ಯ ಹೇಳಿದ ಕಡೆಗೇ ಹರಿಯುತ್ತೆ. ಆರನೇ ಬ್ಯಾರನ್ 1995ರಲ್ಲಿ ಗಂಡುಮಕ್ಕಳಿಲ್ಲದೆ ತೀರಿಕೊಂಡ್ರು. ಆಗ ಮೊದಲನೇ ಜನರಲ್‌ನ ವಂಶವೃಕ್ಷ ಹಿಡ್ಕೊಂಡು ಮೇಲಕ್ಕೆ ಹತ್ತಿ ಇನ್ನೊಂದು ಕೊಂಬೆಯಲ್ಲಿ ಇಳಿದು ದೂರದ ದಾಯಾದಿಗೆ ಬಿರುದು ಹೋಯ್ತು. ಆ ಏಳನೆಯವರಿಗೆ ಆಗಲೇ ಎಂಬತ್ತರ ಹತ್ತಿರ ವಯಸ್ಸು, ಮರುವರ್ಷವೇ ಹೋದ್ರು, ಈಗಿರೋದು ಎಂಟನೆಯವರು. ಇವರ ಬೆನ್ನಿಗೇ 1999ರ ಕಾಯ್ದೆ ಬಂದು ವಂಶಪಾರಂಪರ್ಯ ಲಾರ್ಡುಗಳಲ್ಲಿ 92 ಜನರನ್ನ ಬಿಟ್ಟು ಮಿಕ್ಕೋರನ್ನೆಲ್ಲ ಹೌಸ್ ಆಫ್ ಲಾರ್ಡ್ಸ್‌ನಿಂದ ಹೊರಗೆ ಕಳಿಸ್ತು. ಯಾವ ಕುರ್ಚಿ ಇಲ್ಲ ಅಂತ ಜನರಲ್ ಐರಿಶ್ ಬಿರುದು ಬೇಡ ಅಂದಿದ್ನೋ ಆ ಹಕ್ಕಿನ ಕುರ್ಚಿ ಹಂಗೆ ಹೋಯ್ತು.

ಚಿಕ್ಕಿಮಂಡ್ಯ
ನಮ್ ಮನೇಲೂ ದಾಯಾದಿಗಳು ಹಿಂಗೇ, ಆಸ್ತಿ ಎಲ್ಲ ಹೋದ್ಮೇಲೆ ಪಟೇಲ್ರು ಅನ್ನೋ ಹೆಸ್ರು ಮಾತ್ರ ಬಂತು 😂

ಹಳೇಕಡತ
ಒಂದು ಹೇಳೋದು ಮರೆತೆ, ಇದು ನಂಗೆ ಎಲ್ಲಕ್ಕಿಂತ ವಿಚಿತ್ರ ಅನ್ಸಿದ್ದು. ಬಿರುದಿನ ಜೊತೆ ಲಾಂಛನ ಇರುತ್ತಲ್ಲ, ಹ್ಯಾರಿಸ್ ಲಾಂಛನದ ನೆತ್ತಿ ಮೇಲೆ ಏನಿದೆ ಗೊತ್ತಾ? ಕೋಟೆ ಗೋಡೆಯಂಥ ಕಿರೀಟ, ಅದರ ಮೇಲೆ ಚಿನ್ನದ ಪಟ್ಟೆಯ ಹಸಿರು ಹುಲಿ, ಎದೆಗೆ ಬಾಣ ನಾಟಿದೆ, ರಕ್ತ ಸುರೀತಿದೆ. ಆ ಹುಲಿಯ ಹಣೆ ಮೇಲೆ ಪರ್ಶಿಯನ್ ಅಕ್ಷರದಲ್ಲಿ ‘ಹೈದರ್’ ಅಂತ ಬರೆದಿದೆ. ಅಂದ್ರೆ 1815ರಿಂದ ಇಲ್ಲಿವರೆಗೂ ಕೆಂಟ್‌ನ ಒಂದು ಮನೆತನದ ನೆತ್ತಿ ಮೇಲೆ ಹೈದರಾಲಿ ಹೆಸರಿದೆ. ಸೋಲಿಸಿದ ಗುರುತಿಗೆ ಅಂತ ಹಾಕ್ಕೊಂಡಿದ್ದು, ಆದ್ರೆ ಹುಲಿನೇ ಎದ್ದು ಕಾಣೋದು. ಪಕ್ಕದಲ್ಲಿ ‘ನನ್ನ ರಾಜ, ನನ್ನ ದೇಶ’ ಅಂತ ಧ್ಯೇಯವಾಕ್ಯ.

ಧಾರವಾಡಪೇಡ
ಹಣಿ ಮ್ಯಾಲೆ ಹೆಸರು ಬರೆಸ್ಕೊಂಡ ಹುಲಿ! ಎ ಹುಡುಗಾ, ಅದರ ಫೋಟೋ ಹಾಕಪಾ.

ಪಟ್ಟಣದಹುಡುಗ
ನಾನು ಹೋದಾಗ ಗಡಿಯಾರ ನೋಡ್ತಾ ಕೂತು ಇದೊಂದನ್ನೂ ನೋಡ್ಲಿಲ್ಲ ಕಣ್ರೀ, ಈಗ ನಿದ್ದೆ ಬರಲ್ಲ. ಅಲ್ಲೇ ಪಕ್ಕ ಥ್ರೌಲಿ ಅಂತ ಹಳ್ಳಿ, ಚರ್ಚ್ ಒಳಗೆ ಜನರಲ್ ಹ್ಯಾರಿಸ್ ಪ್ರತಿಮೆ ಇದ್ಯಂತೆ. ಶನಿವಾರ ಮಳೆ ಇಲ್ದಿದ್ರೆ ಸೈಕಲ್ ಹತ್ತಿ ಹೋಗಿ ಹುಲಿ ಎಲ್ಲಾದ್ರೂ ಕೆತ್ತಿದಾರಾ ಹುಡುಕ್ತೀನಿ. ಚಿಕ್ಕಿ, ನೀವು ಪಟ್ಟಣಕ್ಕೆ ಹೋದ್ರೆ ಕೋಟೆ ಒಡೆದ ಜಾಗದಲ್ಲಿ ಮೈಸೂರು ಸರ್ಕಾರ 1907ರಲ್ಲಿ ನಿಲ್ಲಿಸಿದ ಕಲ್ಲುಕಂಬ ಇದ್ಯಲ್ಲ, ಸ್ಕೂಲ್ ಟ್ರಿಪ್ಪಲ್ಲಿ ನಾವು ಅದರ ಕಟ್ಟೆ ಮೇಲೆ ಕೂತು ಪುಳಿಯೋಗರೆ ತಿಂದಿದ್ವಿ, ಅದರ ಮೇಲೆ ಏನ್ ಬರೆದಿದೆ ಅಂತ ಒಂದು ಫೋಟೋ ಹೊಡೆದು ಹಾಕಿ.

ಚಿಕ್ಕಿಮಂಡ್ಯ
ಮಂಗಳವಾರ ನಿಮಿಷಾಂಬಂಗೆ ಹೋಗ್ತಾ ಇದೀವಿ, ಹಂಗೇ ಹಾಯ್ಕೊಂಡ್ ಬರ್ತೀನಿ. ಪುಳಿಯೋಗರೆನೂ ಕಟ್ಕೊಂಡೇ ಹೋಗ್ತೀನಿ ಬಿಡಪ್ಪ.